ಚಾಂಪಿಯನ್ ರೀಫ್ಸಿನ ಅಪರಿಚಿತ ಗಾಯಕರು

ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಕಾಲುಚೀಲ ಇರುತ್ತದೆ. ಒಂದೇ. ಅದರ ಜೊತೆಯದು ಎಲ್ಲಿ ಎಂದು ಕೇಳಬೇಡಿ, ನನ್ನ ಮಗಳು ಎರಡನೆಯ ಕ್ಲಾಸಿನಲ್ಲಿದ್ದಾಗಲೇ ಕಳೆದುಹೋಯಿತು. ಉಳಿದದ್ದರೊಳಗೆ ಒಂದು ಹಾರ್ಡ್ ಡಿಸ್ಕ್ ಇದೆ, ಡಿಸ್ಕಿನೊಳಗೆ ನನ್ನ ಹಾಡುಗಳಿವೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಒಮ್ಮೆ ಪೊಲೀಸಿನವರೊಬ್ಬರು ಎಲ್ಲರ ಬ್ಯಾಗು ತೆಗೆಸಿ ನೋಡುತ್ತಿದ್ದಾಗ ಆ ಕಾಲುಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನ್ರೀ ಇದು?" ಎಂದರು. "ಸಂಗೀತ ಸಾರ್" ಎಂದೆ. ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಮುಂದಿನವರ ಬ್ಯಾಗಿಗೆ ಕೈಹಾಕಿದರು.

ಎಲ್ಲರೂ ಫೋನಿನಲ್ಲೇ ಹಾಡು ಕೇಳುವ ಈ ಕಾಲದಲ್ಲಿ ಇದೇನು ಅವಸ್ಥೆ ಎಂದು ನೀವು ಕೇಳಬಹುದು. ನನ್ನದು ಹೆದರುವ ಜಾತಿ. ಫೋನಿನ ಹಾಡು ಎಲ್ಲೋ ದೂರದಲ್ಲಿ ಯಾರದೋ ಮನೆಯಲ್ಲಿರುತ್ತದಂತೆ. ಅವರು ಒಂದು ದಿನ ಬೇಸರಪಟ್ಟು ಬಾಗಿಲು ಹಾಕಿಕೊಂಡರೆ? ಹಾಡು ಕೈಯಲ್ಲಿ ಹಿಡಿಯುವಂತಿರಬೇಕು. ಹಾಗೆಂದು ಸ್ವಂತಕ್ಕೊಂದು ಕಂಪ್ಯೂಟರು ಕೊಳ್ಳಲೂ ಭಯ. ನಮ್ಮ ಬೀದಿಯ ಕರೆಂಟು ಬಂದರೆ ಎರಡು ಮನೆಯ ಪಾಲಿನದು ಒಂದೇ ಸಲ ಬಂದ ಹಾಗೆ ಬರುತ್ತದೆ. ಮಗಳ ಹತ್ತಿರ ಒಂದು ಲ್ಯಾಪ್‌ಟಾಪ್ ಉಂಟು. ಅದರ ಹತ್ತಿರ ಕಾಲುಚೀಲ ಹಿಡಿದು ಹೋದರೆ ಅವಳು ಎರಡೂ ಕೈ ಅಡ್ಡ ಇಡುತ್ತಾಳೆ. "ಊರೆಲ್ಲಾ ತಿರುಗಿ ಬಂದಿರೋದನ್ನ ನನ್ನದಕ್ಕೆ ಚುಚ್ಚಬೇಡಪ್ಪ."

ಊರೆಲ್ಲಾ ತಿರುಗುವುದು ನಿಜ. ನಾನು ಚಿನ್ನದ ಗಣಿಯೂರು ಕೋರಮಂಡಲ್ ಕಡೆಯ ಒಂದು ಶಾಲೆಯಲ್ಲಿ ಗುಮಾಸ್ತ, ವಾಸ ಬಂಗಾರಪೇಟೆ, ನಡುವೆ ರೈಲು. ನನ್ನ ಹಾಡುಗಳಿಗೆ ಮೂರು ಬಾಡಿಗೆಯಿಲ್ಲದ ಮನೆಗಳಿವೆ. ಶಾಲೆಯ ಆಫೀಸಿನ ಕಂಪ್ಯೂಟರು ಒಂದು. ಸ್ಟೇಷನ್ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಗೋಡೆಯ ಕಡೆಗಿರುವ ಕಂಪ್ಯೂಟರು ಇನ್ನೊಂದು. ಚಾಂಪಿಯನ್ ರೀಫ್ಸಿನ ಭಜನೆ ಮನೆಯದು ಮೂರನೆಯದು. ಹಾಡು ನುಡಿಸುವ ಪ್ರೋಗ್ರಾಮು ಕೂಡ ಡಿಸ್ಕಿನಲ್ಲೇ ಇದೆ. ಎಲ್ಲಿ ಚುಚ್ಚಿದರೆ ಅಲ್ಲಿ ಏಳುತ್ತದೆ, ಕಿತ್ತರೆ ಅಲ್ಲಿ ಏನನ್ನೂ ಉಳಿಸದೆ ಎದ್ದು ಬರುತ್ತದೆ. ಹೋದ ಮನೆಯಲ್ಲಿ ಒಂದು ಲೋಟ ನೀರನ್ನೂ ಮುಟ್ಟದ ನೆಂಟನ ಹಾಗೆ. ಹಾಗೆಂದು ನಾನು ಬಹಳ ದಿನ ಹೆಮ್ಮೆಪಟ್ಟುಕೊಂಡಿದ್ದೆ.

ಆ ಹೆಮ್ಮೆಗಾಗಿ ನಾನು ಪ್ರೋಗ್ರಾಮಿನಲ್ಲಿ ಒಂದು ಚೌಕದೊಳಗೆ ಟಿಕ್ ಹಾಕಿದ್ದೆ. ಅದರ ಅರ್ಥ ಇಷ್ಟು: ಹೊಸ ಹಾಡು ಸೇರಿಸಿದಾಗ ಅದನ್ನು ಇದ್ದ ಜಾಗದಿಂದ ತೆಗೆದು ನನ್ನ ಡಿಸ್ಕಿಗೆ ಸಾಗಿಸು, ಗಾಯಕರ ಪ್ರಕಾರ ಜೋಡಿಸು, ಹೆಸರನ್ನು ಒಪ್ಪ ಮಾಡು. ನಕಲಲ್ಲ, ಸಾಗಾಟ. ಜೆರಾಕ್ಸ್ ಅಂಗಡಿಯಲ್ಲಿ ನಾನು ಇಳಿಸಿಕೊಂಡ ಹಾಡು ಅಲ್ಲೇ ಉಳಿದು, ನನ್ನ ಹಿಂದೆ ಕೂತವನು ಅದನ್ನು ನೋಡಿ, ಈ ವಯಸ್ಸಿನಲ್ಲಿ ಇವನು ಇದನ್ನೆಲ್ಲ ಕೇಳುತ್ತಾನೆಯೇ ಎಂದುಕೊಂಡರೆ ಎಂಬ ಭಯ. ಯಾರೂ ಎಂದುಕೊಳ್ಳುತ್ತಿರಲಿಲ್ಲ ಬಿಡಿ. ಅಲ್ಲಿಗೆ ಬರುವವರು ಆಧಾರ್ ಕಾರ್ಡಿನ ಚಿಂತೆಯಲ್ಲಿರುತ್ತಾರೆ.

ಒಪ್ಪ ಮಾಡುವ ರೋಗ ನನಗೆ ಚಿಕ್ಕಂದಿನದು. ಬೇತಮಂಗಲದ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ಅಡುಗೆ ಕೋಣೆಗೆ ಕಿಟಕಿ ಇರಲಿಲ್ಲ. ಅಜ್ಜಿ ಒಲೆಯ ಮುಂದೆ ಕೂತು, ತಿರುಗಿಯೂ ನೋಡದೆ ಹಿಂದಕ್ಕೆ ಕೈ ಚಾಚಿ, ಗೂಡಿನಿಂದ ಬೇಕಾದ ಡಬ್ಬಿಯನ್ನೇ ತೆಗೆಯುತ್ತಿದ್ದಳು. ಒಂದು ಬೇಸಿಗೆ ರಜೆಯಲ್ಲಿ, ಅವಳು ಹಸುವಿಗೆ ಹುಲ್ಲು ತರಲು ಹೋಗಿದ್ದಾಗ, ನಾನು ಡಬ್ಬಿಗಳನ್ನೆಲ್ಲ ಒರೆಸಿ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದೆ. ಆ ದಿನ ಹುಳಿಸಾರಿಗೆ ಸೀಗೆಪುಡಿ ಬಿತ್ತು. ಉಣ್ಣಲು ಕೂತ ದೊಡ್ಡಪ್ಪನ ಬಾಯಲ್ಲಿ ನೊರೆ ಬಂತು. ಅಜ್ಜಿ ನನ್ನನ್ನು ಹೊಡೆಯಲಿಲ್ಲ. "ಚೆಂದ ಮಾಡಿದ್ಯಾ ಕಣ್ಲಾ, ಚೆಂದ ಇರ್ಲಿ. ನಂಗೆ ಈಗ ಕಣ್ಣೇ ಕಳ್ಕಂಡಂಗಾಯ್ತು" ಎಂದಳು. ಅದರಿಂದ ನಾನು ಏನಾದರೂ ಕಲಿತೆನೆಂದು ನೀವು ಭಾವಿಸಿದರೆ ನನ್ನ ಬಗ್ಗೆ ನಿಮಗಿರುವ ಅಭಿಪ್ರಾಯ ತೀರ ಒಳ್ಳೆಯದು.

ಭಜನೆ ಮನೆಯೆಂದರೆ ಚಾಂಪಿಯನ್ ರೀಫ್ಸಿನ ಕಾರ್ಮಿಕರ ಸಾಲುಮನೆಗಳ ತುದಿಯಲ್ಲಿರುವ ತಗಡಿನ ಚಾವಣಿಯ ಒಂದು ಕೋಣೆ. ಗಣಿ ಮುಚ್ಚಿ ಇಷ್ಟು ವರ್ಷವಾದರೂ, ಒಂದೇ ಪಾಳಿಯಲ್ಲಿ ಕೆಳಗಿಳಿಯುತ್ತಿದ್ದ ಮುದುಕರು ಶನಿವಾರ ಮಧ್ಯಾಹ್ನ ಅಲ್ಲಿ ಸೇರುತ್ತಾರೆ. ಅವರ ಹಿರಿಯ ಮುನಿಸ್ವಾಮಿಯವರು. ಕಲ್ಲುಧೂಳು ಅವರ ಎದೆಯಲ್ಲಿ ಕೂತಿದೆ. ಒಂದು ವಾಕ್ಯ ಮುಗಿಸಲು ನಡುವೆ ಎರಡು ಸಲ ನಿಲ್ಲಬೇಕು. ಕೋಣೆಯ ಬೀಗದ ಕೈ ಸರೋಜಮ್ಮನದು. ನಲವತ್ತರ ಹೆಂಗಸು, ಗಣಿ ಕೆಲಸದವರ ಮಗಳು, ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಮುದುಕರು ಗಂಟಲಿದ್ದ ಕಾಲದಲ್ಲಿ ಹಾಡಿ ತುಂಬಿಸಿದ್ದ ಕ್ಯಾಸೆಟ್ಟುಗಳನ್ನು, ಯಾರೋ ಕೊಟ್ಟ ಹಳೆಯ ಕಂಪ್ಯೂಟರಿಗೆ ಒಂದೊಂದಾಗಿ ಏರಿಸಿದವರು ಅವರೇ. ಟೇಪು ಒಂದು ಸಲ ಓಡುವಷ್ಟರಲ್ಲೇ ಪುಡಿಯಾಗಿ ಉದುರುತ್ತಿತ್ತಂತೆ. ಏರಿಸಿದ ಮೇಲೆ ಪ್ರತಿ ಹಾಡಿಗೂ ಹಾಡಿದವರ ಹೆಸರಿಟ್ಟರು.

ಹೆಸರು ಯಾಕೆ ಮುಖ್ಯ ಎಂದರೆ, ಆ ಮಂಡಳಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹಾಡು. ಅವನು ಸಾಲು ಎತ್ತಬೇಕು, ಉಳಿದವರು ಅದನ್ನು ಹಿಡಿದು ಹಾಡಬೇಕು. ಅವನಿರುವ ತನಕ ಅದನ್ನು ಬೇರೆಯವರು ಎತ್ತುವುದಿಲ್ಲ. ಅವನು ಹೋದರೆ ಹನ್ನೊಂದನೆಯ ದಿನ ಕಂಪ್ಯೂಟರಿನಿಂದ ಅವನ ಹಾಡು ಹಾಕುತ್ತಾರೆ. ಅವನೇ ಎತ್ತುತ್ತಾನೆ, ಇವರು ಹಿಡಿಯುತ್ತಾರೆ. ಅಲ್ಲಿಗೆ ಅವನ ಪಾಳಿ ಮುಗಿಯಿತು. ಕ್ಯಾಸೆಟ್ಟುಗಳೂ ಇಲ್ಲದಿದ್ದ ಕಾಲದಲ್ಲಿ ಎತ್ತುವವನ ಜಾಗವನ್ನು ಖಾಲಿ ಬಿಟ್ಟು, ಅಷ್ಟು ಹೊತ್ತು ಬರೀ ತಾಳ ಹಾಕುತ್ತಿದ್ದರಂತೆ.

ನಾನು ಅಲ್ಲಿಗೆ ಹೋಗುತ್ತಿದ್ದದ್ದು ಭಕ್ತಿಯಿಂದಲ್ಲ. ಅವರ ಸ್ಪೀಕರು ದೊಡ್ಡದು. ಶನಿವಾರ ಶಾಲೆ ಬೇಗ ಬಿಡುತ್ತದೆ, ರೈಲಿಗೆ ಸಮಯವಿರುತ್ತದೆ, ಮುದುಕರು ಬರುವ ತನಕ ಸರೋಜಮ್ಮ ನನ್ನನ್ನು ಕೂರಲು ಬಿಡುತ್ತಿದ್ದರು. ಹಾಗೆ ಕೂತಿದ್ದಾಗ ಒಂದು ದಿನ ಆ ಹಾಡುಗಳ ಫೋಲ್ಡರು ಕಣ್ಣಿಗೆ ಬಿತ್ತು. ನನ್ನ ಪ್ರೋಗ್ರಾಮಿನಲ್ಲಿ ಹೇಗೆ ಕೇಳಿಸುತ್ತದೆ ನೋಡೋಣ ಎಂದು ಎಳೆದು ಹಾಕಿದೆ. ಎರಡು ಹಾಡು ಕೇಳಿದೆ. ಚೆನ್ನಾಗಿತ್ತು. ರೈಲಿಗೆ ಹೊತ್ತಾಯಿತೆಂದು, ಮೂರು ಸಲ ಪರೀಕ್ಷಿಸಿ, ಡಿಸ್ಕನ್ನು ಬಹಳ ಜಾಗರೂಕತೆಯಿಂದ ಕಿತ್ತು ಕಾಲುಚೀಲದಲ್ಲಿಟ್ಟುಕೊಂಡು ಬಂದೆ. ಟಿಕ್ ಹಾಕಿದ ಚೌಕ ನನಗೆ ನೆನಪಿಗೂ ಬರಲಿಲ್ಲ.

ಅದಾಗಿ ಎರಡು ವಾರಕ್ಕೆ ಗೋವಿಂದಪ್ಪ ಎಂಬವರು ತೀರಿಕೊಂಡರು. ನನಗೆ ಅವರ ಪರಿಚಯ ಕಡಿಮೆ. ಬಾಗಿಲ ಹತ್ತಿರ ಕೂತು ನನ್ನ ಹಾಡಿಗೆ ತಲೆಯಾಡಿಸುತ್ತಿದ್ದ ಮನುಷ್ಯ. ಹನ್ನೊಂದನೆಯ ದಿನ ಶನಿವಾರವೇ ಬಂತು. ಕೋಣೆ ತುಂಬ ಜನ, ಹೊರಗೂ ಜನ. ಗೋವಿಂದಪ್ಪನವರ ಹೆಂಡತಿ ಲಕ್ಷ್ಮಮ್ಮ ಮುಂದೆ ಚಾಪೆಯ ಮೇಲೆ ಕೂತಿದ್ದರು. ನಾನು ಹಿಂದಿನ ಗೋಡೆಗೆ ಒರಗಿ, ಹೆಗಲಿಗೆ ಬ್ಯಾಗು ಹಾಕಿಕೊಂಡು ನಿಂತಿದ್ದೆ.

ಸರೋಜಮ್ಮ ಫೋಲ್ಡರು ತೆರೆದರು. ಏನೂ ಇರಲಿಲ್ಲ. ಮುಚ್ಚಿ ಮತ್ತೆ ತೆರೆದರು. ಹುಡುಕಿದರು. ಅವರ ಕಿವಿಯ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು.

"ಏನಮ್ಮಾ, ಪಾಟು ಆಕು" ಎಂದರು ಮುನಿಸ್ವಾಮಿ. ಹಾಡಿಗೆ ಅವರೆಲ್ಲ ಪಾಟು ಎನ್ನುತ್ತಾರೆ.

"ಇಲ್ಲ ಮಾಮಾ. ಒಂದೂ ಇಲ್ಲ."

"ಇಲ್ಲ ಅಂದ್ರೆ?"

"ಎಲ್ಲಾ ಓಗೈತೆ."

ಗೋವಿಂದಪ್ಪನವರ ಕಡೆಯ ಯಾರೋ ಒಬ್ಬ, ಎಲ್ಲರಿಗೂ ಕೇಳುವಂತೆ, "ಗೊತ್ತಿಲ್ದೋರ್ ಕೈಗೆ ಕೀ ಕೊಟ್ರೆ ಇಂಗೇ ಆಗೋದು. ಏನೋ ಒತ್ತವ್ಳೆ, ಅಳಿಸೋಗೈತೆ" ಎಂದ. ಸರೋಜಮ್ಮ ತಿರುಗಲಿಲ್ಲ. ಪರದೆಯನ್ನೇ ನೋಡುತ್ತಿದ್ದರು.

ಆಗ ನನಗೆ ಆ ಚೌಕ ನೆನಪಾಯಿತು.

ಇಲ್ಲಿಂದ ಮುಂದಿನದನ್ನು ಬರೆಯಲು ನಾನು ಈ ಪ್ರಬಂಧವನ್ನು ಮೂರು ಸಲ ಬಿಟ್ಟು ಎದ್ದಿದ್ದೇನೆ. ಬ್ಯಾಗು ನನ್ನ ಹೆಗಲ ಮೇಲಿತ್ತು. ಡಿಸ್ಕು ಬ್ಯಾಗಿನಲ್ಲಿತ್ತು. ಎಂಟು ಹೆಜ್ಜೆ ಮುಂದೆ ಹೋಗಿ ಅದನ್ನು ಚುಚ್ಚಿದ್ದರೆ ಆಗುತ್ತಿತ್ತು. ಆದರೆ ನನ್ನಂಥವನ ತಲೆ ಅಂಥ ಹೊತ್ತಿನಲ್ಲಿ ಬಹಳ ವ್ಯವಸ್ಥಿತವಾಗಿ ಕೆಲಸ ಮಾಡುತ್ತದೆ. ಮೊದಲು ಖಚಿತಪಡಿಸಿಕೊಳ್ಳಬೇಕು. ಇಷ್ಟು ಜನರ ಮುಂದೆ ಕಾಲುಚೀಲ ತೆಗೆಯುವುದು ಸರಿಯಲ್ಲ. ಇಲ್ಲದೇ ಹೋದರೆ ಲಕ್ಷ್ಮಮ್ಮನವರಿಗೆ ಎರಡನೆಯ ಸಲ ನಿರಾಸೆ. ಹೀಗೆ ಒಂದೊಂದೇ ಕಾರಣವನ್ನು ಎತ್ತರದ ಪ್ರಕಾರ ಜೋಡಿಸುತ್ತ ನಾನು ನಿಂತಿದ್ದಾಗ, ಮುನಿಸ್ವಾಮಿಯವರು ಎರಡು ಕೈಯಲ್ಲೂ ತಾಳ ತೆಗೆದುಕೊಂಡರು. ಉಳಿದವರೂ ತೆಗೆದುಕೊಂಡರು. ಎತ್ತುವವನ ಜಾಗ ಖಾಲಿ. ಬರೀ ತಾಳ. ಒಂದು ಪೂರ್ತಿ ಹಾಡಿನಷ್ಟು ಹೊತ್ತು. ಲಕ್ಷ್ಮಮ್ಮ ಮೊದಮೊದಲು ಸ್ಪೀಕರಿನ ಕಡೆ ನೋಡುತ್ತಿದ್ದರು, ಆಮೇಲೆ ನೋಡಲಿಲ್ಲ.

ಜನ ಎದ್ದ ಮೇಲೆ ಸರೋಜಮ್ಮ ಬೀಗದ ಕೈಯನ್ನು ಮುನಿಸ್ವಾಮಿಯವರ ಮುಂದೆ ಇಟ್ಟು ಹೊರಟುಹೋದರು. ಅದನ್ನೂ ನೋಡಿದೆ. ಐದು ಗಂಟೆಯ ರೈಲು ಹಿಡಿದೆ.

ಬಂಗಾರಪೇಟೆಯಲ್ಲಿ ಇಳಿದವನೇ ಜೆರಾಕ್ಸ್ ಅಂಗಡಿಯ ಗೋಡೆ ಕಡೆಯ ಕಂಪ್ಯೂಟರಿಗೆ ಡಿಸ್ಕು ಚುಚ್ಚಿದೆ. ಎಲ್ಲ ಇದ್ದವು. ನನ್ನ ಪ್ರೋಗ್ರಾಮು ಬಹಳ ಒಪ್ಪವಾಗಿ ಜೋಡಿಸಿಟ್ಟಿತ್ತು. ಫೈಲಿನೊಳಗೆ ಗಾಯಕರ ಹೆಸರು ಬರೆದಿಲ್ಲವೆಂದು, ಸರೋಜಮ್ಮ ಫೈಲಿನ ಮೇಲೆ ಬರೆದಿದ್ದ ಹೆಸರುಗಳನ್ನು ಕಿತ್ತುಹಾಕಿ, ತನಗೆ ತಿಳಿದಂತೆ ಹೊಸ ಹೆಸರಿಟ್ಟಿತ್ತು. ಅಪರಿಚಿತ ಗಾಯಕ ಒಂದು, ಅಪರಿಚಿತ ಗಾಯಕ ಎರಡು. ಹೀಗೆ ಮೂವತ್ತೊಂದರ ತನಕ.

ಹಾಡು ಸಿಕ್ಕಿದ ಸಂತೋಷ ಅರ್ಧ ನಿಮಿಷವೂ ಉಳಿಯಲಿಲ್ಲ. ಸುಳ್ಳೇಕೆ, ನಾನು ರೈಲಿನಲ್ಲಿ ಒಂದು ಉಪಾಯ ಮಾಡಿಕೊಂಡಿದ್ದೆ. ಹಾಡುಗಳು ನನ್ನಲ್ಲಿದ್ದರೆ, ಯಾರೂ ಇಲ್ಲದಾಗ ಸದ್ದಿಲ್ಲದೆ ಅಲ್ಲೇ ಇಟ್ಟು ಬರುವುದು. ಕಂಪ್ಯೂಟರು ಕೊಟ್ಟಿತು, ಕಂಪ್ಯೂಟರು ತೆಗೆಯಿತು, ಮತ್ತೆ ಕಂಪ್ಯೂಟರೇ ಕೊಟ್ಟಿತು. ನನಗೂ ಅದಕ್ಕೂ ಸಂಬಂಧವಿಲ್ಲ. ಈಗ ಆ ದಾರಿ ಮುಚ್ಚಿತು. ಯಾವ ಹಾಡು ಯಾರದು? ಗೋವಿಂದಪ್ಪನವರ ದನಿ ನೆನಪಿಸಿಕೊಳ್ಳಲು ಯತ್ನಿಸಿದೆ. ನಾನು ಅವರ ಬಾಯಿಂದ ಕೇಳಿದ್ದು "ಪಂಕ ಆಕ್ಲಾ ಸಾರ್" ಎಂದು ಫ್ಯಾನು ತೋರಿಸಿ ಆಡಿದ ಎರಡು ಮಾತು. ಅದನ್ನು ಹಿಡಿದುಕೊಂಡು ಮೂವತ್ತೊಂದು ಹಾಡನ್ನೂ ಕೇಳಿದೆ. ಮೂವತ್ತೊಂದೂ ಅವರೇ ಅನ್ನಿಸಿತು.

ಎರಡು ವಾರ ಹೀಗೇ ಕಳೆದೆ. ಉಣ್ಣಲು ಕೂತು ಅನ್ನ ಕಲಸಿಕೊಂಡೇ ಇರುವುದನ್ನು ನೋಡಿ ನನ್ನ ಹೆಂಡತಿ, "ಯಾಕೆ, ಡಿಸ್ಕಿಗೆ ಹುಷಾರಿಲ್ವಾ?" ಎಂದಳು. ಹೇಳಿದೆ. ಅವಳು ಪಾತ್ರೆ ತೆಗೆದುಕೊಂಡು ಏಳುತ್ತ, "ಹುಷಾರಿಲ್ದೆ ಇರೋದು ನಿಮಗೇ" ಎಂದು ಒಳಗೆ ಹೋದಳು.

ಮರುದಿನ ಶನಿವಾರ. ಶಾಲೆ ಬಿಟ್ಟ ಮೇಲೆ ಸರೋಜಮ್ಮನ ಮನೆಗೆ ಹೋದೆ. ಬಾಗಿಲ ಬೆಳಕಿಗೆ ಮಿಷನ್ ಹಾಕಿಕೊಂಡು ಯಾರದೋ ರವಿಕೆ ಹೊಲಿಯುತ್ತಿದ್ದರು. ಕೂರಲು ಹೇಳಿದರು, ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಬಂದರೆ ನಾನು ಹವಾಮಾನದ ವಿಷಯ ಮಾತಾಡಿ ಎದ್ದು ಬಂದುಬಿಡುತ್ತೇನೆ.

"ಆ ಹಾಡುಗಳು ನನ್ನ ಹತ್ತಿರ ಇವೆ, ಸರೋಜಮ್ಮ."

ಮಿಷನ್ ನಿಂತಿತು. "ಯಾವ್ದು?"

"ಎಲ್ಲಾ. ನನ್ನ ಡಿಸ್ಕು ಎಳೆದುಕೊಂಡುಬಿಟ್ಟಿದೆ. ನಾನೇ ಎಳೆದದ್ದು."

"ಅನ್ನೊಂದನೇ ದಿನ ಅಲ್ಲೇ ನಿಂತಿದ್ರಲ್ಲ ಸಾರ್ ನೀವು."

"ನಿಂತಿದ್ದೆ."

"ಬ್ಯಾಗು ಇತ್ತಾ?"

"ಇತ್ತು."

ಅವರು ಮತ್ತೆ ಮಿಷನ್ ತುಳಿದು, ಅರ್ಧವಾಗಿದ್ದ ಹೊಲಿಗೆಯನ್ನು ತುದಿಯ ತನಕ ಮುಗಿಸಿ, ದಾರ ಕಡಿದರು. "ಎರಡು ವಾರದಿಂದ ನನ್ ಬೆರಳ್ನೇ ಬೈಕೊಂಡಿವ್ನಿ ಸಾರ್" ಎಂದರು. "ಯಾವ್ ಬೆರಳು ಒತ್ತಿ ಅಳಿಸ್ತೋ ಅಂತ ಒಂದೊಂದೇ ನೋಡ್ಕಂಡು."

ನಾನು ಬ್ಯಾಗಿನಿಂದ ಕಾಲುಚೀಲ ತೆಗೆದು ಮಿಷನ್ನಿನ ಮೇಲಿಟ್ಟೆ.

ಮುನಿಸ್ವಾಮಿಯವರ ಹತ್ತಿರ ಅವರೇ ಕರೆದುಕೊಂಡು ಹೋದರು. ಪೊಲೀಸಿನವರು ಬೇಡಿ ಹಾಕದೆ ಕರೆದೊಯ್ಯುವ ಕಳ್ಳನಂತೆ ಎರಡು ಹೆಜ್ಜೆ ಹಿಂದೆ ನಡೆದೆ. ಮುನಿಸ್ವಾಮಿಯವರು ಎಲ್ಲವನ್ನೂ ಕೇಳಿ, ಬಹಳ ಹೊತ್ತು ನಗುತ್ತ ಕೆಮ್ಮಿದರೋ ಕೆಮ್ಮುತ್ತ ನಕ್ಕರೋ ತಿಳಿಯಲಿಲ್ಲ.

"ಚಿನ್ನ ಕದ್ದೋರ್ನ ನೋಡಿವ್ನಿ ಸಾಮೀ" ಎಂದು ಉಸಿರು ತೆಗೆದುಕೊಂಡರು. "ಚಪ್ಲೀಲಿ ಇಟ್ಕಂಡೋರು, ಬುತ್ತೀಲಿ ಇಟ್ಕಂಡೋರು." ಮತ್ತೆ ಉಸಿರು. "ಭಜನೆ ಕದ್ದೋನ್ನ ಇವತ್ತೇ ಕಣಯ್ಯಾ ನೋಡಿದ್ದು. ಅದೂ ಕಾಲ್ಚೀಲದಾಗೆ."

ನಗಲಿ ಎಂದೇ ಅವರು ಹೇಳಿದ್ದು. ಸರೋಜಮ್ಮ ನಗಲಿಲ್ಲ, ಆದ್ದರಿಂದ ನಾನೂ ನಗಲಿಲ್ಲ.

ಮುಂದಿನ ಶನಿವಾರ ಭಜನೆ ಮನೆಯ ಕಂಪ್ಯೂಟರಿಗೆ ಹಾಡುಗಳನ್ನು ಮರಳಿ ಹಾಕಿ ಹೆಸರಿಡುವ ಕೆಲಸ. ಉಳಿದಿದ್ದ ಆರು ಜನ ಮುದುಕರೂ ಬಂದರು. ಲಕ್ಷ್ಮಮ್ಮನವರೂ ಬಂದು ಬಾಗಿಲ ಹತ್ತಿರ ಕೂತರು. ನಾನು ಒಂದೊಂದೇ ಹಾಡು ಹಾಕುವುದು, ಅವರು ಯಾರೆಂದು ಹೇಳುವುದು, ನಾನು ಬರೆಯುವುದು. ಸುಲಭವೆಂದುಕೊಂಡಿದ್ದೆ.

"ಇದು ಚಿನ್ನಪ್ಪಂದು."

"ಚಿನ್ನಪ್ಪ ಯಾವತ್ಲಾ ಇಷ್ಟು ಶ್ರುತೀಲಿ ಎತ್ತಿದ್ದ? ಅವನು ಎತ್ತಿದ್ರೆ ನಾಯಿ ಎದ್ ಓಯ್ತಿತ್ತು."

"ಮಧ್ಯದಾಗೆ ಕೆಮ್ತಾನೆ ಕೇಳು. ಚಿನ್ನಪ್ಪಂದೇ ಕೆಮ್ಮು."

ಕೆಮ್ಮಿನ ತನಕ ಕಾಯ್ದೆವು. ಕೆಮ್ಮು ಬಂತು. ಎಲ್ಲರೂ ತಲೆಯಾಡಿಸಿದರು. ಹಾಡಿಗಿಂತ ಹೆಚ್ಚಾಗಿ ಕೆಮ್ಮಿನಿಂದಲೇ ಅರ್ಧ ಹೆಸರುಗಳು ಸಿಕ್ಕಿದವು. ಒಬ್ಬರದು ಉಸಿರು ಎಳೆಯುವಾಗ ಸೀಟಿ ಬರುತ್ತಿತ್ತು, ಇನ್ನೊಬ್ಬರು ಪ್ರತಿ ಸಾಲಿನ ಕೊನೆಗೆ ತೆಲುಗಿಗೆ ಜಾರುತ್ತಿದ್ದರು. ನಾನು ಎರಡು ಬೆರಳಿನಲ್ಲಿ ಕುಟ್ಟುತ್ತಿದ್ದೆ. ಬರೆದ ಪ್ರತಿಯೊಂದು ಹೆಸರನ್ನೂ ಸರೋಜಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ಓದಿ, "ಊಂ" ಎಂದ ಮೇಲೆಯೇ ಮುಂದಿನದು.

ಹತ್ತೊಂಬತ್ತನೆಯದು ಶುರುವಾಗಿ ಎರಡು ಸಾಲು ಕಳೆಯುವುದರೊಳಗೆ ಮುನಿಸ್ವಾಮಿಯವರು ಕೈಯೆತ್ತಿದರು. ಎಲ್ಲರೂ ಬಾಗಿಲ ಹತ್ತಿರ ಕೂತಿದ್ದ ಲಕ್ಷ್ಮಮ್ಮನವರ ಕಡೆ ನೋಡಿದರು. ದಪ್ಪ ದನಿ, ಅವಸರವಿಲ್ಲದ ದನಿ. ನನ್ನ ನೆನಪಿನ ಎರಡು ಮಾತಿಗೂ ಅದಕ್ಕೂ ಒಂದು ಸಂಬಂಧವೂ ಇರಲಿಲ್ಲ. ಟೇಪಿನೊಳಗಿನ ಮಂಡಳಿ ಅವರ ಹಾಡನ್ನು ಹಿಡಿಯುತ್ತಿತ್ತು. ಇಲ್ಲಿ ಕೂತಿದ್ದವರು ಹಿಡಿಯಲಿಲ್ಲ, ಅದರ ದಿನ ಕಳೆದುಹೋಗಿತ್ತು. ತಾಳಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು.

ಮುಗಿದ ಮೇಲೆ ಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಅವತ್ತು ಅವ್ರ ತಂಗಿ ಪಲಮನೇರಿಂದ ಬಂದಿದ್ಲು" ಎಂದರು, ನನ್ನನ್ನು ನೋಡದೆ. "ಅಣ್ಣ ಬಂದಿದ್ದ, ಕಣ್ಣು ಕಾಣಾಕಿಲ್ಲ, ಕೈ ಇಡ್ಕಂಡು ಕರ್ಕಬಂದಿದ್ರು. ಅವ್ರೆಲ್ಲಾ ಇದ್ನ ಕೇಳಾಕೇ ಬಂದಿದ್ದು. ಇವತ್ತು ನಾನೊಬ್ಳೇ ಕೇಳ್ದೆ."

ನನಗೆ ಏನಾದರೂ ಮಾಡಬೇಕೆನ್ನಿಸಿತು. ಏನಾದರೂ ಮಾಡಬೇಕೆನ್ನಿಸಿದಾಗಲೆಲ್ಲ ನಾನು ತಪ್ಪನ್ನೇ ಮಾಡುವವನು. "ನನ್ನ ಡಿಸ್ಕಿನಲ್ಲಿರುವುದನ್ನು ಈಗಲೇ ಅಳಿಸಿಬಿಡುತ್ತೇನಮ್ಮ" ಎಂದೆ.

"ಅಳಿಸಿ ನೀವು ಒಳ್ಳೇರಾಗ್ಬೇಡಿ" ಎಂದರು ಲಕ್ಷ್ಮಮ್ಮ. "ಇಟ್ಕಳ್ಳಿ. ಎಸ್ರು ಸರಿಯಾಗಿ ಬರ್ಕಳ್ಳಿ."

ಬರೆದುಕೊಂಡೆ. ಮೂವತ್ತೊಂದರಲ್ಲಿ ಮೂವತ್ತಕ್ಕೆ ಹೆಸರು ಸಿಕ್ಕಿತು. ಒಂದು ಹಾಡು ಯಾರದೆಂದು ಆರು ಜನಕ್ಕೂ ತಿಳಿಯಲಿಲ್ಲ. ಕೆಮ್ಮೂ ಇಲ್ಲ, ಸೀಟಿಯೂ ಇಲ್ಲ. ಸರೋಜಮ್ಮ ಏರಿಸುವಾಗ ಯಾರನ್ನು ಕೇಳಿ ಏನು ಹೆಸರಿಟ್ಟಿದ್ದರೋ, ಅವರಿಗೂ ನೆನಪಿಲ್ಲ. ಅದು ಹಾಗೆಯೇ ಉಳಿಯಿತು. ಆ ಮನುಷ್ಯ ಯಾರೇ ಇರಲಿ, ಅವನ ಹೆಸರು ಅಳಿಸಿದವನು ನಾನು.

ಬೀಗದ ಕೈಯನ್ನು ಮುನಿಸ್ವಾಮಿಯವರು ಸರೋಜಮ್ಮನ ಕಡೆಗೆ ನೆಲದ ಮೇಲೆ ಸರಿಸಿದರು. ಅವರು ತಕ್ಷಣ ಎತ್ತಿಕೊಳ್ಳಲಿಲ್ಲ. "ಅವತ್ತು ಅಂಗಂದೋರು ಬಂದು ಕೊಡ್ಲಿ" ಎಂದರು. ಗೋವಿಂದಪ್ಪನವರ ಕಡೆಯ ಆ ಮನುಷ್ಯ ಬಂದು ಕೊಡಲು ಇನ್ನೂ ಒಂದು ತಿಂಗಳಾಯಿತು. ಈಗ ನಾನು ಹೋದರೆ ಸರೋಜಮ್ಮ ಕೂರಲು ಬಿಡುತ್ತಾರೆ. ಆದರೆ ಡಿಸ್ಕು ಚುಚ್ಚಿದ ಕೂಡಲೇ ತಮ್ಮ ಸ್ಟೂಲನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ಕಿತ್ತು ಕಾಲುಚೀಲದಲ್ಲಿಡುವ ತನಕ ಪರದೆ ನೋಡುತ್ತ ಕೂರುತ್ತಾರೆ. ನಾನೇ ನನ್ನನ್ನು ನಂಬದಿರುವಾಗ ಅವರಿಗೆ ಬೇಡವೆನ್ನಲು ನಾನು ಯಾರು? ಚೌಕದ ಟಿಕ್ ತೆಗೆದಿದ್ದೇನೆ. ತೆಗೆದಿದ್ದೇನೆಯೇ ಎಂದು ಪ್ರತಿ ಸಲವೂ ನೋಡುತ್ತೇನೆ.

ಮೊನ್ನೆ ಶಾಲೆಯ ಆಫೀಸಿನಲ್ಲಿ ಪರೀಕ್ಷೆಯ ಪಟ್ಟಿ ಮಾಡುತ್ತ ಸಣ್ಣಗೆ ಹಾಡು ಹಾಕಿಕೊಂಡಿದ್ದೆ. ಒಂದಾದ ಮೇಲೊಂದು ತಾನೇ ಬರುತ್ತಿದ್ದವು. ನಡುವೆ ಗೋವಿಂದಪ್ಪನವರು ಬಂದರು. ಎದುರಿನ ಮೇಜಿನಿಂದ ಹೆಡ್‌ಮಿಸ್ಟ್ರೆಸ್ ತಲೆಯೆತ್ತಿದರು.

"ಚೆನ್ನಾಗಿದೆಯಲ್ರೀ. ಯಾರದು?"

"ಗೋವಿಂದಪ್ಪ ಅಂತ ಮೇಡಂ. ಚಾಂಪಿಯನ್ ರೀಫ್ಸಿನವರು. ಗಣಿಯಲ್ಲಿದ್ದರು."

"ನಿಮಗೆ ಕೊಟ್ರಾ ಅವರು?"

"ಇಲ್ಲ ಮೇಡಂ. ಕದ್ದದ್ದು."

ಅವರು ನಕ್ಕರು. "ಹಾಡು ಕದೀದೇ ಇರೋರು ಯಾರಿದಾರೆ ಬಿಡಿ. ನನ್ನ ಫೋನ್ ತುಂಬ ಅದೇ" ಎಂದು ಮತ್ತೆ ತಮ್ಮ ಕಾಗದದ ಕಡೆ ಬಗ್ಗಿದರು. ನಾನೂ ಅಲ್ಲಿಗೇ ಬಿಟ್ಟು ನನ್ನ ಪಟ್ಟಿಯ ಕಡೆ ಬಗ್ಗಬಹುದಿತ್ತು. ಅವರು ಅಷ್ಟು ಸುಲಭವಾಗಿ ಕ್ಷಮಿಸಿಬಿಟ್ಟಿದ್ದರು.

"ಇದು ಆ ಥರದ್ದಲ್ಲ ಮೇಡಂ" ಎಂದೆ. "ಹಾಡು ಮುಗಿಯಲಿ, ಹೇಳ್ತೀನಿ."